ದಸರಾ ರಜೆಯಲ್ಲಿ ಶಿವಮೊಗ್ಗದಲ್ಲಿ ಊಟ ಹಂಚಬೇಕು ಅಂತಿದ್ದೇವೆ, ಇದರಿಂದ ಉಪಯೋಗ ಇದೆಯಾ?

ಸೆಕೆಂಡ್ ಇಯರ್ ಬಿಎ:

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿರುವ 14 ಜನ, ಅದರಲ್ಲಿ 9 ಜನ ಹುಡುಗಿಯರು. ಈ ಸಲ ದಸರಾ ರಜೆಗೆ ಹಬ್ಬದ ದಿನ ಮಾತ್ರ ಊರಿಗೆ ಹೋಗಿ ಬಂದು, ಉಳಿದ ದಿನ ಇಲ್ಲೇ ಇದ್ದು ಊಟ ಇಲ್ಲದವರಿಗೆ, ಬೀದಿಯಲ್ಲಿ ಮಲಗುವವರಿಗೆ ಏನಾದರೂ ಮಾಡೋಣ ಅಂತ ಮಾತಾಗಿದೆ. ಕಾಲೇಜಿನ ಕ್ಯಾಂಪ್ ಅಲ್ಲ, ಯಾರೂ ಹೇಳಿ ಮಾಡಿಸುತ್ತಿಲ್ಲ.

ಸದ್ಯಕ್ಕೆ ಪ್ಲಾನ್ ಇಷ್ಟೇ. ತಲೆಗೆ 500 ರೂಪಾಯಿ ಹಾಕಿಕೊಳ್ಳುವುದು, ಒಂದು ಮೆಸ್‌ನಲ್ಲಿ ಚಿತ್ರಾನ್ನ ಅಥವಾ ಪುಳಿಯೋಗರೆ ಮಾಡಿಸಿ ಪೊಟ್ಟಣ ಕಟ್ಟುವುದು, ರಾತ್ರಿ ಎಂಟರ ಮೇಲೆ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಮೆಗ್ಗಾನ್ ಆಸ್ಪತ್ರೆ ಸುತ್ತಮುತ್ತ ಹಂಚುವುದು. ಇದಕ್ಕೆ ಯಾರದಾದರೂ ಅನುಮತಿ ಬೇಕಾ? ಹಾಸ್ಟೆಲ್ ಗೇಟ್ ಬೇಗ ಹಾಕುತ್ತಾರೆ, ಹಾಗಾಗಿ ಹುಡುಗಿಯರು ರಾತ್ರಿ ಹೊರಗೆ ಇರುವುದು ಕಷ್ಟ, ಅದಕ್ಕೆ ಏನು ಮಾಡಬಹುದು? ಇನ್ನೊಂದು, ನಮ್ಮ ಕ್ಲಾಸಿನ ಒಬ್ಬ "ಇದೆಲ್ಲಾ ಸ್ಟೇಟಸ್ ಹಾಕಿಕೊಳ್ಳೋದಕ್ಕೆ" ಅಂದುಬಿಟ್ಟ, ಆಮೇಲೆ ಇಬ್ಬರು ಹಿಂದೆ ಸರಿದರು. ನಿಜವಾಗಲೂ ಉಪಯೋಗ ಆಗುತ್ತಾ ಇಲ್ವಾ, ಗೊತ್ತಿರುವವರು ಹೇಳಿ.

ಗಾಂಧಿಬಜಾರ್ ಗಿರಾಕಿ:

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನವರಾತ್ರಿ ಹೊತ್ತಿಗೆ ಶಿವಮೊಗ್ಗದಲ್ಲಿ ಊಟ ಸಿಗದೆ ಹೋಗುವುದೇ ಕಷ್ಟ. ಕೋಟೆ ಕಡೆ ಹೋಗಿ, ದುರ್ಗಿಗುಡಿ ಕಡೆ ಹೋಗಿ, ಒಂದಲ್ಲ ಒಂದು ದೇವಸ್ಥಾನದಲ್ಲಿ ಅನ್ನಸಂತರ್ಪಣೆ ಇದ್ದೇ ಇರುತ್ತದೆ. ಮಧ್ಯಾಹ್ನ ಅಲ್ಲಿ ಉಂಡವನಿಗೆ ನೀವು ರಾತ್ರಿ ಚಿತ್ರಾನ್ನ ಕೊಡುತ್ತೀರಿ, ಅದೇ ರಸ್ತೆಯಲ್ಲಿ ಯಾವುದೋ ಸಂಘದವರು ಪಲಾವ್ ಕೊಟ್ಟು ಹೋಗಿರುತ್ತಾರೆ. ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಾಗ ಮುಂದೆ ಬಿಚ್ಚದ ಪೊಟ್ಟಣಗಳು ಬಿದ್ದಿರುತ್ತವೆ, ನಾಯಿ ಎಳೆದಾಡಿರುತ್ತದೆ, ಪೌರಕಾರ್ಮಿಕರು ಬೈದುಕೊಂಡು ಗುಡಿಸುತ್ತಾರೆ. ಅವರ ಬೈಗುಳ ಕೇಳಿದರೆ ಯಾರಿಗೂ ದಾನ ಮಾಡುವ ಮನಸ್ಸೇ ಬರುವುದಿಲ್ಲ.

ಹಬ್ಬ ಮುಗಿದ ಮಾರನೇ ದಿನದಿಂದ ನೋಡಿ. ಫ್ರೀಡಂ ಪಾರ್ಕಿನಲ್ಲಿ ಬನ್ನಿ ಮುಡಿದು ಜನ ಮನೆಗೆ ಹೋದರು ಅಂದರೆ ಆಯಿತು, ಊಟ ಹಾಕುವವರೂ ಮಾಯ. ಕೊಡಲೇಬೇಕು ಅಂತಿದ್ದರೆ ವಿಜಯದಶಮಿ ಆದ ಮೇಲೆ ಕೊಡಿ.

ಇನ್ನು ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಬೆಂಗಳೂರಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಶುರು ಮಾಡಿದಾಗ ಇಟ್ಟ ದರ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ನೀವು ಮೆಸ್‌ನಲ್ಲಿ ಒಂದು ಪೊಟ್ಟಣಕ್ಕೆ ಕೊಡುವ ದುಡ್ಡಿನಲ್ಲಿ ಅಲ್ಲಿ ಒಬ್ಬರ ಇಡೀ ದಿನ ಕಳೆಯುತ್ತದೆ. ಒಬ್ಬರನ್ನು ಕರೆದುಕೊಂಡು ಹೋಗಿ, ಜೊತೆಗೆ ನೀವೂ ಕೂತು ತಿನ್ನಿ. ಹಾಗೆ ಕೂತಾಗಲೇ ಅಲ್ವಾ ಅವರು ಯಾರು, ಎಲ್ಲಿಯವರು ಅಂತ ಗೊತ್ತಾಗುವುದು.

ರಾತ್ರಿ ಪಾಳಿ:

ನಾನು ಮಲೆನಾಡಿನ ಒಂದು ಊರಿನಲ್ಲಿ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ರಾತ್ರಿ ಹೊತ್ತು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಉದ್ದ ಬರೆಯುತ್ತೇನೆ, ಓದುವಷ್ಟು ಓದಿ.

ಮೊದಲು ಬೀದಿಯಲ್ಲಿ ಮಲಗುವವರು ಯಾರು ಅಂತ ತಿಳಿದುಕೊಳ್ಳಿ. ಎಲ್ಲರೂ ಭಿಕ್ಷುಕರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ, ಹಾಗಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುವವರು ಇದ್ದಾರೆ, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವರು ಇದ್ದಾರೆ, ಗುಜರಿ ಆಯುವವರು, ಗಾರೆ ಕೆಲಸಕ್ಕೆ ಬಂದು ಮೇಸ್ತ್ರಿ ಕೈಕೊಟ್ಟು ಊರಿಗೆ ಹೋಗಲು ಕಾಸಿಲ್ಲದವರು. ಮಗ ಸೊಸೆ ಜೊತೆ ಜಗಳ ಆಡಿಕೊಂಡು ಬಂದ ಮುದುಕರು ಜಾಸ್ತಿ. ಆಸ್ಪತ್ರೆ ಹೊರಗೆ ಮಲಗಿರುವವರು ಬೇರೆಯೇ ಗುಂಪು. ಅವರಿಗೆ ಮನೆ ಇದೆ, ಸೊರಬದಲ್ಲೋ ಹೊಸನಗರದಲ್ಲೋ ಹೊನ್ನಾಳಿಯಲ್ಲೋ. ಒಳಗೆ ರೋಗಿ ಇದ್ದಾರೆ, ಜೊತೆಗೆ ಬಂದವರು ಹೊರಗೆ ಚಾಪೆ ಹಾಸಿಕೊಂಡಿದ್ದಾರೆ ಅಷ್ಟೇ. ಅವರಿಗೆ ಬೇಕಾಗಿದ್ದು ಬಿಸಿ ಊಟ, ಫೋನ್ ಚಾರ್ಜ್ ಮಾಡಲು ಒಂದು ಜಾಗ, ಯಾವ ಚೀಟಿ ಯಾವ ಕೌಂಟರಿಗೆ ಅಂತ ಹೇಳುವವರು. ಮೂರೂ ಗುಂಪಿಗೆ ಒಂದೇ ಪೊಟ್ಟಣ ಹಿಡಿದುಕೊಂಡು ಹೋದರೆ ಯಾರ ಕಷ್ಟವೂ ನಿಮಗೆ ಅರ್ಥವಾಗುವುದಿಲ್ಲ.

ಆಶ್ರಯ ಕೇಂದ್ರ ಅಂತ ಒಂದಿದೆ ಎನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕು, ಹಗಲು ರಾತ್ರಿ, ವರ್ಷಪೂರ್ತಿ ತೆರೆದಿರಬೇಕು ಎಂದು ಹೇಳಿತು. ಆಮೇಲೆ ನಗರ ಜೀವನೋಪಾಯ ಅಭಿಯಾನ ಬಂದಾಗ ಅದರ ನಿಯಮದಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಅಂತ ಬರೆದರು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತ್ತು. ಆಗಿನ ಲೆಕ್ಕದಲ್ಲೇ ಮೂರು ಕೇಂದ್ರ ಬೇಕು. ಈಗ ಎಲ್ಲೆಲ್ಲಿ ಇದೆ, ಎಷ್ಟು ಹಾಸಿಗೆ ಖಾಲಿ ಇದೆ ಅಂತ ಪಾಲಿಕೆ ಕಚೇರಿಗೆ ಹೋಗಿ ಕೇಳಿ. ನಿಮ್ಮ ರಜೆಯ ಮೊದಲ ಕೆಲಸ ಇದೇ ಆಗಲಿ. ಇದನ್ನು ಕೇಳದೆ ಬೀದಿಗೆ ಇಳಿಯಬೇಡಿ.

ಹಾಸಿಗೆ ಖಾಲಿ ಇದ್ದರೂ ಜನ ಬರುವುದಿಲ್ಲ, ಅದು ಯಾಕೆ ಅಂತ ಕೇಳುತ್ತೀರಿ. ಗುಜರಿ ಮೂಟೆ ಎಲ್ಲಿಡುವುದು? ಗಂಡ ಹೆಂಡತಿ ಇದ್ದರೆ ಬೇರೆ ಬೇರೆ ಮಲಗಬೇಕು. ಕುಡಿದು ಬಂದರೆ ಒಳಗೆ ಸೇರಿಸುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್ಟಿಗೆ ಹೋಗುವವನಿಗೆ ಅಲ್ಲೇ ಕಟ್ಟೆಯ ಮೇಲೆ ಮಲಗುವುದೇ ಅನುಕೂಲ. ಎಲ್ಲಕ್ಕಿಂತ ದೊಡ್ಡದು ಭಯ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹಾಕುವ ಅವಕಾಶ ಅದರಲ್ಲಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಅದಕ್ಕಂತಲೇ ಸೆಸ್ ವಸೂಲಿ ಮಾಡುತ್ತಾರೆ. ರಾತ್ರಿ ಹೊತ್ತು ಗುಂಪು ಕಟ್ಟಿಕೊಂಡು, ಒಂದು ವ್ಯಾನ್ ನಿಲ್ಲಿಸಿ, ಟಾರ್ಚ್ ಬಿಟ್ಟು "ಬನ್ನಿ ಅಜ್ಜ" ಅಂದರೆ ಅವರು ಓಡದೆ ಏನು ಮಾಡುತ್ತಾರೆ? ಹಾಗಾಗಿ ಇಬ್ಬಿಬ್ಬರೇ ಹೋಗಿ. ಮಲಗಿದವರನ್ನು ಎಬ್ಬಿಸಬೇಡಿ. ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಮೊದಲ ದಿನವೇ ಹೆಸರು, ಊರು, ಆಧಾರ್ ಅಂತ ಬರೆದುಕೊಳ್ಳಲು ಹೋಗಬೇಡಿ.

ಹುಡುಗಿಯರು ರಾತ್ರಿ ಬರಲೇಬೇಕು ಅಂತೇನಿಲ್ಲ. ನಮ್ಮ ಕೇಂದ್ರದಲ್ಲಿ ಕೈ ಸಾಲದೆ ನಿಂತಿರುವ ಕೆಲಸ ಎಲ್ಲಾ ಹಗಲಿನದ್ದೇ. ಒಬ್ಬ ಅಜ್ಜಿಗೆ ಪಿಂಚಣಿ ನಿಂತಿರುತ್ತದೆ. ವಿಚಾರಿಸಿದರೆ ಬ್ಯಾಂಕ್ ಖಾತೆ ಸ್ಥಗಿತ ಆಗಿರುತ್ತದೆ. ಅದನ್ನು ಸರಿ ಮಾಡಲು ಆಧಾರ್ ಬೇಕು, ಆಧಾರ್‌ಗೆ ಜೋಡಿಸಿದ್ದ ಫೋನ್ ನಂಬರ್ ಮಗನದ್ದು, ಮಗ ಇವರ ಜೊತೆ ಮಾತಾಡುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 65 ದಾಟಿದವರಿಗೆ ತಿಂಗಳಿಗೆ ಬರುವುದು 1,200 ರೂಪಾಯಿ. ನಿಮಗೆ ಅದು ಏನೂ ಅನ್ನಿಸದೆ ಇರಬಹುದು, ಆದರೆ ಕೈಯಲ್ಲಿ ಅಷ್ಟು ಇರುವ ಅಜ್ಜಿಯನ್ನು ತಂಗಿ ಮನೆಯವರು ಒಳಗೆ ಕರೆಯುತ್ತಾರೆ, ಇಲ್ಲದಿದ್ದರೆ ಕರೆಯುವುದಿಲ್ಲ. ಕಹಿ ಮಾತು, ಆದರೆ ನಾನು ನೋಡಿದ್ದು ಇದನ್ನೇ. ನಾಡಕಚೇರಿ, ಬ್ಯಾಂಕು, ಆಧಾರ್ ಕೇಂದ್ರ ಅಂತ ಮೂರು ಕಡೆ ಓಡಾಡಲು, ಕ್ಯೂನಲ್ಲಿ ನಿಲ್ಲಲು, ಅರ್ಜಿ ತುಂಬಲು ಓದು ಬರಹ ಬಲ್ಲ ಒಬ್ಬರು ಬೇಕು. ಇಬ್ಬರು ಹುಡುಗಿಯರು ಒಬ್ಬ ಅಜ್ಜಿಯನ್ನು ವಹಿಸಿಕೊಂಡು ರಜೆ ಮುಗಿಯುವುದರೊಳಗೆ ಅವರ ಒಂದು ಕಾಗದ ಸರಿ ಮಾಡಿಸಿದರೆ ಸಾಕು. ಕಚೇರಿಗಳಿಗೆ ಹಬ್ಬದ ರಜೆ ಇರುತ್ತದೆ, ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ.

ಮತದಾರರ ಪಟ್ಟಿಯ ವಿಷಯವೂ ಹೇಳಿಬಿಡುತ್ತೇನೆ. ಮನೆ ಇಲ್ಲದವರಿಗೆ ವಿಳಾಸದ ದಾಖಲೆ ಇಲ್ಲದಿದ್ದರೂ ಹೆಸರು ಸೇರಿಸಬಹುದು. ಫಾರಂ 6ರಲ್ಲಿ ಅವರು ಮಲಗುವ ಜಾಗ ಬರೆದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಿ ಖಚಿತ ಮಾಡಿಕೊಳ್ಳಬೇಕು. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಸೆಕೆಂಡ್ ಇಯರ್ ಬಿಎ:

ರಾತ್ರಿ ಪಾಳಿ ಸರ್, ತುಂಬಾ ಥ್ಯಾಂಕ್ಸ್. ಇಷ್ಟೆಲ್ಲಾ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಒಂದು ಡೌಟು. ನಾವು ಹೋಗಿ "ನಿಮ್ಮ ಪಿಂಚಣಿ ಮಾಡಿಸಿ ಕೊಡುತ್ತೇವೆ" ಅಂದರೆ ಅವರು ಯಾಕೆ ನಂಬುತ್ತಾರೆ? ಆಧಾರ್ ಕಾರ್ಡ್ ಕೈಗೆ ಕೊಡಿ ಅಂದರೆ ನಮ್ಮ ಮನೆಯಲ್ಲೇ ಯಾರೂ ಕೊಡುವುದಿಲ್ಲ.

ರಾತ್ರಿ ಪಾಳಿ:

ನಂಬಬಾರದು ಕಣಮ್ಮ, ನಂಬದೆ ಇರುವುದೇ ಸರಿ. ಆಧಾರ್ ನಿಮ್ಮ ಕೈಗೆ ತೆಗೆದುಕೊಳ್ಳಲೇಬೇಡಿ, ಫೋಟೊ ಕೂಡ ಹೊಡೆಯಬೇಡಿ, ಅದು ಅವರ ಕೈಯಲ್ಲೇ ಇರಲಿ. ನೀವು ಜೊತೆಗೆ ಹೋಗುವವರು ಅಷ್ಟೇ. ಕೇಂದ್ರದವರ ಮೂಲಕ ಹೋದರೆ ಅವರೇ ಪರಿಚಯ ಮಾಡಿಸುತ್ತಾರೆ, ಆಗ ಅರ್ಧ ಕೆಲಸ ಆದಂತೆ. ಓಟಿಪಿ ಬಂದರೆ ನಿಮ್ಮ ಫೋನಿಗೆ ಬರುವ ಹಾಗೆ ಮಾತ್ರ ಯಾವತ್ತೂ ಮಾಡಬೇಡಿ, ನಾಳೆ ಏನಾದರೂ ಆದರೆ ನಿಮ್ಮ ತಲೆಗೇ ಬರುತ್ತದೆ.

ಅಡುಗೆ ಕಂಟ್ರಾಕ್ಟರ್:

ಊಟ ಹಂಚಬೇಡಿ ಅಂತ ಗಿರಾಕಿಯವರು ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹಸಿವು ಅನ್ನುವುದು ಹಬ್ಬ ನೋಡಿಕೊಂಡು ಬರುವುದಿಲ್ಲ. ದೇವಸ್ಥಾನದ ಸಾಲಿನಲ್ಲಿ ನಿಲ್ಲಲು ಕಾಲಿಲ್ಲದವರು ಇದ್ದಾರೆ, ಅಲ್ಲಿಗೆ ಹೋಗಲು ನಾಚಿಕೆ ಪಡುವವರು ಇದ್ದಾರೆ. ಆದರೆ ಚಿತ್ರಾನ್ನ, ಪುಳಿಯೋಗರೆ ಯಾಕೆ ಆರಿಸಿಕೊಂಡಿರಿ? ಕಟ್ಟಲು ಸುಲಭ ಅಂತ ಅಲ್ವಾ? ಹಲ್ಲಿಲ್ಲದ ಅಜ್ಜ ಕಡಲೆಬೀಜ ಹೇಗೆ ಅಗಿಯುತ್ತಾನೆ? ಪುಳಿಯೋಗರೆ ತಿಂದರೆ ನೀರು ಬೇಕು, ರಾತ್ರಿ ಹೊತ್ತಿನಲ್ಲಿ ಅವನು ನೀರು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ನನ್ನ ಕೇಳಿದರೆ ಮೆತ್ತಗಿನ ಅನ್ನ, ತೊವ್ವೆ, ಬೇಕಾದರೆ ಒಂದು ಪಲ್ಯ. ಜೊತೆಗೆ ಒಂದು ಪುಟ್ಟಬಾಳೆ ಹಣ್ಣು, ಒಂದು ಬಾಟಲಿ ನೀರು. ಸಕ್ಕರೆ ಕಾಯಿಲೆ ಇರುವವರು ಬಹಳ ಇದ್ದಾರೆ, ಹಬ್ಬ ಅಂತ ಸಿಹಿ ತುಂಬಬೇಡಿ.

ಇನ್ನು ನೀವು ಕೇಳಿಲ್ಲ, ಆದರೆ ಈ ಗುಂಪುಗಳೆಲ್ಲಾ ಎರಡನೇ ವಾರಕ್ಕೆ ಮಂಟಪಗಳಿಗೆ ಫೋನ್ ಮಾಡಿ "ಊಟ ಮಿಕ್ಕಿದೆಯಾ" ಅಂತ ಕೇಳಲು ಶುರು ಮಾಡುತ್ತವೆ, ಅದಕ್ಕೇ ಈಗಲೇ ಹೇಳುತ್ತೇನೆ. ನವರಾತ್ರಿಯಲ್ಲಿ ಮದುವೆ ಕಡಿಮೆ, ಹೋಮ, ಗೃಹಪ್ರವೇಶದ ಊಟ ಇರುತ್ತದೆ. ಮಿಕ್ಕಿದ್ದನ್ನು ತೆಗೆದುಕೊಳ್ಳುವಾಗ ಎಷ್ಟು ಗಂಟೆಗೆ ಇಳಿಸಿದ ಅಡುಗೆ ಅಂತ ಮೊದಲು ಕೇಳಿ. ಕಾಯಿ ಹಾಕಿದ ಹುಳಿ, ಕಾಯಿಚಟ್ನಿ, ಕೋಸಂಬರಿ, ಪಾಯಸ, ಮೊಸರು ಕಲೆಸಿದ್ದು, ಇದ್ಯಾವುದನ್ನೂ ಮುಟ್ಟಬೇಡಿ, ನಮ್ಮ ಕಡೆ ಹುಳಿಗೆ ಕಾಯಿ ಜಾಸ್ತಿ, ಬೇಗ ಹಳಸುತ್ತದೆ. ಅನ್ನದ ವಿಷಯದಲ್ಲಿ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ, ಮತ್ತೆ ಬಿಸಿ ಮಾಡಿದರೆ ಸರಿ ಹೋಗುತ್ತದೆ ಅಂತ. ಬೆಚ್ಚಗಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಮುಚ್ಚಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿರುತ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮನೆ ಇರುವವನಿಗೆ ವಾಂತಿ ಭೇದಿ ಆದರೆ ಕಕ್ಕಸು ಇದೆ, ಬೀದಿಯಲ್ಲಿ ಇರುವವನ ಗತಿ ಯೋಚನೆ ಮಾಡಿ. ಮಿಕ್ಕ ಊಟ ಹಂಚುವುದಕ್ಕೆ ಅಂತಲೇ 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ತಂದಿದೆ, ನೆಟ್‌ನಲ್ಲಿ ಸಿಗುತ್ತದೆ, ಓದಿಕೊಳ್ಳಿ.

ಪ್ಲಾಸ್ಟಿಕ್ ಬೇಡ. ಅಡಿಕೆ ಹಾಳೆ ತಟ್ಟೆ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಬಡಿಸಿ, ಉಂಡಾದ ಮೇಲೆ ತಟ್ಟೆ ನೀವೇ ವಾಪಸ್ ತನ್ನಿ. ಗಿರಾಕಿಯವರ ಅಂಗಡಿ ಮುಂದೆಯೂ ಕಸ ಬೀಳುವುದಿಲ್ಲ.

ಹಳೇ ಎನ್ನೆಸ್ಸೆಸ್:

ಕಾಲೇಜಿನಲ್ಲಿ ಪಾಠ ಮಾಡಿದವನು ನಾನು, ಎನ್‌ಎಸ್‌ಎಸ್ ಕ್ಯಾಂಪುಗಳನ್ನು ಸಾಕಷ್ಟು ನೋಡಿದ್ದೇನೆ. ನಿಮ್ಮ ಕ್ಲಾಸಿನ ಆ ಹುಡುಗ ಒರಟಾಗಿ ಹೇಳಿದ್ದಾನೆ, ಆದರೆ ಸುಮ್ನೆ ಹೇಳಿದ್ದಲ್ಲ. ರಜೆಗೆ ಬಂದು, ಹತ್ತು ದಿನ "ಅಜ್ಜ, ಅಜ್ಜಿ" ಅಂತ ಕರೆದು, ಅವರಿಗೆ ನಿಮ್ಮ ಅಭ್ಯಾಸ ಆಗುವಷ್ಟರಲ್ಲಿ ಕಾಲೇಜು ಶುರುವಾಯಿತು ಅಂತ ಮಾಯವಾಗುವವರನ್ನು ನಾನು ಬಹಳ ಕಂಡಿದ್ದೇನೆ. ಅನುಭವ ಸಿಕ್ಕಿತು ಅಂತ ವಿದ್ಯಾರ್ಥಿಗಳು ಖುಷಿಯಾಗಿ ಹೋಗುತ್ತಾರೆ. ಆ ಕಡೆಯವರಿಗೆ ಏನು ಸಿಕ್ಕಿತು ಅಂತ ಯಾವ ವರದಿಯಲ್ಲೂ ಬರೆಯುವುದಿಲ್ಲ. ಮತ್ತೆ ಫೋಟೊ. ಊಟದ ತಟ್ಟೆ ಹಿಡಿದ ಮುದುಕನ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಬಂದರೆ ಅವನ ಊರಿನ ಯಾರೋ ಒಬ್ಬರು ನೋಡುತ್ತಾರೆ. ಮನೆ ಬಿಟ್ಟು ಬಂದಿದ್ದನ್ನು ಊರಿಗೆ ಗೊತ್ತಾಗದ ಹಾಗೆ ಕಾಪಾಡಿಕೊಂಡಿದ್ದ ಮನುಷ್ಯ ಅವನು.

ನನ್ನ ಸಲಹೆ ಕೇಳಿದರೆ ರಜೆಯಲ್ಲಿ ನಿಮ್ಮ ಊರಿಗೆ ಹೋಗಿ, ನಿಮ್ಮ ಅಜ್ಜಿ ಜೊತೆ ಇರಿ.

ಗಾಂಧಿಬಜಾರ್ ಗಿರಾಕಿ:

ಸರ್, ಕೊನೆಯ ಸಾಲು ಜಾಸ್ತಿ ಆಯಿತು. ಮಕ್ಕಳು ಕೇಳಿಕೊಂಡು ಬಂದಿದ್ದಾರೆ, ಮನೆಗೆ ಹೋಗಿ ಅಂದರೆ ಹೇಗೆ?

ರಾತ್ರಿ ಪಾಳಿ:

ಮೇಷ್ಟ್ರು ಫೋಟೊ ಬಗ್ಗೆ ಹೇಳಿದ್ದಕ್ಕೆ ನನ್ನ ಎರಡೂ ಕೈ ಮೇಲೆ. ಉಳಿದಿದ್ದನ್ನು ಒಪ್ಪುವುದಿಲ್ಲ. ರಜೆ ಚಿಕ್ಕದಾದರೆ ರಜೆಯೊಳಗೆ ಮುಗಿಯುವ ಕೆಲಸ ಹಿಡಿಯಬೇಕು, ಅಷ್ಟೇ. ಉಗುರು ಕತ್ತರಿಸುವುದು, ಬಿಸಿನೀರು ಸ್ನಾನ, ಕಟಿಂಗ್, ಕಾಲಿನ ಗಾಯ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಕಾಗದ ಪತ್ರ. ಇದರಲ್ಲಿ ಯಾವುದಕ್ಕೂ ವರ್ಷಗಟ್ಟಲೆ ಸಂಬಂಧ ಬೇಡ. ಮೊದಲ ದಿನವೇ "ನಾವು ರಜೆ ಮುಗಿಯುವವರೆಗೆ ಮಾತ್ರ ಇರುತ್ತೇವೆ" ಅಂತ ಹೇಳಿಬಿಡಿ. ಬೀದಿಯ ಜನಕ್ಕೆ ಬಿಟ್ಟುಹೋಗುವವರು ಹೊಸಬರಲ್ಲ, ಹೇಳಿ ಹೋದರೆ ಸಾಕು. ಮುಂದುವರಿಸಬೇಕು ಅನ್ನಿಸಿದವರು ಎನ್‌ಎಸ್‌ಎಸ್‌ನಲ್ಲಿ ಇದ್ದರೆ ವರ್ಷಕ್ಕೆ 120 ಗಂಟೆ ಕೆಲಸ ಹೇಗೂ ಮಾಡಬೇಕಲ್ಲ, ವಾರಕ್ಕೊಂದು ಸಂಜೆ ಅದಕ್ಕೇ ಸೇರಿಸಿಕೊಳ್ಳಿ ಅಂತ ಕಾಲೇಜಿನಲ್ಲಿ ಕೇಳಬಹುದು.

ಬಟ್ಟೆ ಕೊಡುವವರಿಗೂ ಒಂದು ಮಾತು. ಹಳೆ ಸೀರೆ, ಹಳೆ ಪ್ಯಾಂಟ್ ಕೇಂದ್ರದಲ್ಲಿ ರಾಶಿ ಬಿದ್ದಿದೆ. ಯಾರೂ ತರದೆ ಇರುವುದು ಚಪ್ಪಲಿ, ಹೊಸ ಒಳ ಉಡುಪು, ಪ್ಯಾಡ್, ಲುಂಗಿ, ಕಜ್ಜಿಗೆ ಹಚ್ಚುವ ಮುಲಾಮು. ದಸರಾ ಆದರೂ ನಮ್ಮ ಕಡೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸಂಜೆ ಗುಡುಗಿ ಸುರಿದರೆ ಕಂಬಳಿ ಒದ್ದೆಯಾಗಿ ಭಾರವಾಗುತ್ತದೆ, ಒಣಗಿಸಲು ಜಾಗ ಇಲ್ಲ, ಅಲ್ಲೇ ಬಿಟ್ಟು ಹೋಗುತ್ತಾರೆ. ಕಂಬಳಿಗಿಂತ ಹಾಸಲೂ ಹೊದೆಯಲೂ ಆಗುವ ಟಾರ್ಪಾಲಿನ ತುಂಡು ಒಳ್ಳೆಯದು.

ಭದ್ರಾವತಿ ಕಡೆ ಟೀಚರ್:

ಎಲ್ಲರೂ ಸಿಟಿ ಬಗ್ಗೆ ಬರೆದಿದ್ದೀರಿ. ನಾನು ಹಳ್ಳಿ ಶಾಲೆಯಲ್ಲಿ ಇರುವವಳು, ನನ್ನ ಚಿಂತೆ ಬೇರೆ. ನಿಮಗೆ ರಜೆ ಅಂದರೆ ನನ್ನ ಶಾಲೆಯ ಮಕ್ಕಳಿಗೂ ರಜೆ. ರಜೆ ಅಂದರೆ ಬಿಸಿಯೂಟ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ತೋಟ ಇರುವ ಮನೆಯ ಮಕ್ಕಳಿಗೆ ಇದು ವಿಷಯವೇ ಅಲ್ಲ. ಆದರೆ ಈಗ ಅಡಿಕೆ ಕೊಯ್ಲು. ಚೇಣಿ ಮನೆಗಳ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದವರು ಅಡಿಕೆ ಸುಲಿಸುವ ಜಾಗಗಳ ಹತ್ತಿರ ಹೋಗಿ ನೋಡಿ, ಬೇರೆ ಜಿಲ್ಲೆಯಿಂದ ಬಂದ ಕುಟುಂಬಗಳು ಶೆಡ್ಡು ಹಾಕಿಕೊಂಡು ಇರುತ್ತವೆ. ತಾಯಂದಿರು ಬೆಳಿಗ್ಗೆಯಿಂದ ರಾತ್ರಿವರೆಗೂ ಅಡಿಕೆ ಸುಲಿಯುತ್ತಾರೆ, ಸುಲಿದಷ್ಟು ಕೂಲಿ, ಹಾಗಾಗಿ ಮಧ್ಯೆ ಎದ್ದು ಅಡುಗೆ ಮಾಡಿದರೆ ಅಷ್ಟು ಕಾಸು ಹೋಯಿತು. ಮಕ್ಕಳು ಬೆಳಗಿನ ತಂಗಳು ಅನ್ನ, ಇಲ್ಲಾ ಐದು ರೂಪಾಯಿ ಬಿಸ್ಕತ್ತು ತಿಂದುಕೊಂಡು ಸಂಜೆವರೆಗೂ ಇರುತ್ತವೆ. ಬೀದಿಯಲ್ಲಿ ಮಲಗಿಲ್ಲ, ಭಿಕ್ಷೆ ಬೇಡುತ್ತಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಬರ ಬಂದ ಕಡೆ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಅಂತ ಹೇಳಿತ್ತು. ನಮ್ಮದು ಬರದ ನಾಡಲ್ಲ, ಮಳೆ ಸುರಿಯುವ ನಾಡು, ದಸರಾ ರಜೆಗೆ ಯಾರು ಕೇಳುತ್ತಾರೆ?

ಇನ್ನು ರೇಷನ್. ಒಂದೇ ದೇಶ ಒಂದೇ ರೇಷನ್ ಕಾರ್ಡ್ ಬಂದ ಮೇಲೆ ಬೇರೆ ಊರಿನ ಕಾರ್ಡ್ ಇದ್ದರೂ ಇಲ್ಲಿಯ ಸೊಸೈಟಿಯಲ್ಲಿ ಅಕ್ಕಿ ತೆಗೆದುಕೊಳ್ಳಬಹುದು, ಇದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು ಹೋದರೆ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಹಸಿ ಅಡಿಕೆ ಸುಲಿದು ಸುಲಿದು ಬೆರಳು ಕಪ್ಪಾಗಿ ಒಡೆದಿರುತ್ತದೆ, ಮೆಷಿನ್‌ಗೆ ಗೆರೆ ಸಿಗುವುದಿಲ್ಲ. ಮನೆಯ ಬೇರೆ ಸದಸ್ಯರ ಬೆರಳು ಇಡಬಹುದು, ಒಂದು ಸಲ ಆಗದಿದ್ದರೆ ಇನ್ನೊಂದು ಬೆರಳು ನೋಡಬಹುದು, ಆದರೆ ಹಿಂದೆ ಕ್ಯೂ ಇರುತ್ತದೆ, ಇವರ ಭಾಷೆ ಬೇರೆ, ಸುಮ್ಮನೆ ವಾಪಸ್ ಬರುತ್ತಾರೆ. ಜೊತೆಗೆ ನಿಂತು ಮಾತಾಡುವ ಕಾಲೇಜು ಹುಡುಗಿ ಒಬ್ಬಳು ಇದ್ದರೆ ಆ ತಿಂಗಳ ಅಕ್ಕಿ ಮನೆಗೆ ಬರುತ್ತದೆ. ನೀವು ಕಟ್ಟುವ ಪೊಟ್ಟಣಕ್ಕಿಂತ ಅದು ಎಷ್ಟೋ ದಿನ ಬರುತ್ತದೆ.

ನಿಮ್ಮಲ್ಲಿ ಮೂರು ನಾಲ್ಕು ಹುಡುಗಿಯರು ಬರುವುದಾದರೆ ಮಧ್ಯಾಹ್ನ ಮಕ್ಕಳಿಗೆ ಊಟ ಹಾಕಿ, ಒಂದು ಗಂಟೆ ಕತೆ, ಆಟ, ಲೆಕ್ಕ ಏನಾದರೂ ಮಾಡಿ, ಸಂಜೆ ಐದಕ್ಕೆಲ್ಲಾ ಹಾಸ್ಟೆಲ್ ಸೇರಬಹುದು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ಟಿಕೆಟ್ ಖರ್ಚೂ ಇಲ್ಲ. ತೋಟದವರನ್ನೂ ಚೇಣಿದಾರರನ್ನೂ ಮೊದಲು ಮಾತಾಡಿಸಬೇಕು, ಅದನ್ನು ನಾನು ಮಾಡುತ್ತೇನೆ. ಬಾಲಕಾರ್ಮಿಕರ ತನಿಖೆಗೆ ಬಂದವರು ಅಂತ ಅವರು ಹೆದರುತ್ತಾರೆ, ಹೇಳದೆ ಕೇಳದೆ ಹೋದರೆ ಗೇಟ್ ಒಳಗೇ ಬಿಡುವುದಿಲ್ಲ.

ನರ್ಸ್ ಅಕ್ಕ:

ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ರಸ್ತೆಯಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಂಡು, ಮೈ ಮೇಲೆ ಪರಿವೆ ಇಲ್ಲದೆ ಓಡಾಡುವವರು ಸಿಗುತ್ತಾರೆ. ಅವರ ಹತ್ತಿರ ಗುಂಪಾಗಿ ಹೋಗಬೇಡಿ, ಕೈ ಹಿಡಿದು ಎಳೆಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಜವಾಬ್ದಾರಿ. 112ಕ್ಕೆ ಫೋನ್ ಮಾಡಿ, ಈ ಕಲಂ ಹೆಸರು ಹೇಳಿ, ವಿನಯವಾಗಿಯೇ ಹೇಳಿ. ವಯಸ್ಸಾದವರ ವಿಷಯಕ್ಕೆ 14567, ಒಂಟಿ ಮಕ್ಕಳು ಸಿಕ್ಕರೆ 1098, ಗಾಯ, ಜ್ವರ ಅಂದರೆ 108. ಇವಿಷ್ಟನ್ನು ಎಲ್ಲರ ಫೋನಿನಲ್ಲೂ ಹಾಕಿಕೊಳ್ಳಿ. ಕಾಲಿನ ಹುಣ್ಣು ಕಂಡರೆ ನೀವೇ ಅರಿಶಿನ ಗಿರಿಶಿನ ಮೆತ್ತಬೇಡಿ, ಸಕ್ಕರೆ ಕಾಯಿಲೆಯ ಹುಣ್ಣಾದರೆ ಕಾಲೇ ಹೋಗುತ್ತದೆ. ಮೆಗ್ಗಾನ್‌ಗೆ ಕರೆತಂದು ಚೀಟಿ ಮಾಡಿಸಿ, ಡಾಕ್ಟರು ನೋಡುವವರೆಗೆ ಜೊತೆಗಿರಿ. ಒಬ್ಬರೇ ಬಂದರೆ ಅವರು ಅರ್ಧ ಕ್ಯೂನಲ್ಲೇ ಎದ್ದು ಹೋಗಿಬಿಡುತ್ತಾರೆ. ಗ್ಲೌಸ್ ಹಾಕಿಕೊಳ್ಳದೆ ಯಾರ ಗಾಯವನ್ನೂ ಮುಟ್ಟಬೇಡಿ.

ಸೆಕೆಂಡ್ ಇಯರ್ ಬಿಎ:

ಎಲ್ಲರದ್ದೂ ಓದಿ ಇವತ್ತು ಕ್ಯಾಂಟೀನಿನಲ್ಲಿ ಜಗಳವೇ ಆಯಿತು. ಹುಡುಗರಿಗೆ ರಾತ್ರಿ ಊಟ ಹಂಚುವುದನ್ನು ಬಿಡಲು ಇಷ್ಟ ಇಲ್ಲ, ಹುಡುಗಿಯರಿಗೆ ಚೇಣಿ ಮನೆ ಮಕ್ಕಳ ಕೆಲಸ ಹಿಡಿಸಿತು. ಕೊನೆಗೆ ಹೀಗೆ ಅಂತ ಆಯಿತು. ನಾಳೆ ಪಾಲಿಕೆಗೆ ಹೋಗಿ ಆಶ್ರಯ ಕೇಂದ್ರದ ವಿಷಯ ಕೇಳುತ್ತೇವೆ. ಐದು ಜನ ಹುಡುಗಿಯರು ಟೀಚರ್ ಜೊತೆ ಹೋಗುತ್ತಾರೆ. ನಾನೂ ಇನ್ನು ಮೂವರೂ ಹಗಲು ಹೊತ್ತು ಕಾಗದ ಪತ್ರ, ಆಸ್ಪತ್ರೆ ಕೆಲಸಕ್ಕೆ. ಹುಡುಗರು ವಿಜಯದಶಮಿ ಆದ ಮೇಲೆ, ಅದೂ ಆಸ್ಪತ್ರೆ ಹೊರಗೆ ಇರುವವರಿಗೆ ಮಾತ್ರ, ಬಿಸಿ ಅನ್ನ ತೊವ್ವೆ ಬಡಿಸುತ್ತಾರೆ, ಮೊದಲು ಆಸ್ಪತ್ರೆಯವರನ್ನು ಕೇಳಿಕೊಂಡು. ಹಿಂದೆ ಸರಿದಿದ್ದ ಇಬ್ಬರಲ್ಲಿ ಒಬ್ಬಳು ವಾಪಸ್ ಬಂದಿದ್ದಾಳೆ. ಫೋಟೊ ಯಾರೂ ತೆಗೆಯುವ ಹಾಗಿಲ್ಲ ಅಂತ ಮಾತಾಗಿದೆ. ಎನ್ನೆಸ್ಸೆಸ್ ಸರ್, ನಮ್ಮ ಅಜ್ಜಿ ಜೊತೆ ಹಬ್ಬದ ದಿನ ಇದ್ದೇ ಇರುತ್ತೇನೆ.

ಟೀಚರ್, ನಿಮಗೆ ಮೆಸೇಜ್ ಮಾಡಿದ್ದೇನೆ, ನೋಡಿ. ಇನ್ನೊಂದು ಕೇಳಬೇಕಿತ್ತು. ಕಟಿಂಗ್ ಮಾಡುವವರು ಯಾರಾದರೂ ಒಂದು ದಿನಕ್ಕೆ ಬರುತ್ತಾರಾ? ಕೂಲಿ ಕೊಡುತ್ತೇವೆ. ಇಬ್ಬರನ್ನು ಕೇಳಿದೆವು, ಹಬ್ಬದ ರಶ್ಶು ಅಂದರು.

ಭದ್ರಾವತಿ ಕಡೆ ಟೀಚರ್:

ನೋಡಿದೆ. ಭಾನುವಾರ ಬೇಡ, ಅಂದು ಸಂತೆ, ತಾಯಂದಿರು ಸಿಗುವುದಿಲ್ಲ. ಸೋಮವಾರ ಬನ್ನಿ. ಮಕ್ಕಳಿಗೆ ಬಣ್ಣದ ಪೆನ್ಸಿಲ್ ತನ್ನಿ, ಚಾಕಲೇಟು ಬೇಡ.

ಹೊಸಮನೆ ಸಲೂನ್:

ನಮ್ಮ ಅಂಗಡಿಗಳಿಗೆ ಮಂಗಳವಾರ ರಜೆ. ಹಬ್ಬ ಕಳೆದ ಮೇಲಿನ ಮಂಗಳವಾರ ನಾನೂ ನನ್ನ ತಮ್ಮನೂ ಬರುತ್ತೇವೆ, ಕೂಲಿ ಬೇಡ. ತಲೆಗೊಂದು ಹೊಸ ಬ್ಲೇಡ್, ಡೆಟಾಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಬಿಸಿನೀರು ನೀವು ನೋಡಿಕೊಳ್ಳಿ. ಹೇನು ಇದ್ದವರನ್ನು ಕೊನೆಗೆ ಕೂರಿಸಿ. ಗಡ್ಡ ತೆಗೆಯಬೇಡ ಅಂದವರ ಗಡ್ಡ ನಾನು ಮುಟ್ಟುವುದಿಲ್ಲ, ಅದನ್ನು ಮೊದಲೇ ಕೇಳಿಟ್ಟುಕೊಂಡಿರಿ.